ಬಿಚ್ಚದೆ ಉಳಿದ ಮೂಲೆ

ಅರ್ದಿಯಾದ ಗೋದಾಮುಗಳ ಹಿಂದಿದ್ದ ಆ ಹಳೆಯ ಕಟ್ಟಡಕ್ಕೆ, ಕೊಲ್ಲಿಯ ಆ ಪುಟ್ಟ ದೇಶವನ್ನು ಹಿಡಿದುಕೊಂಡಿದ್ದ ಇರಾಕಿ ಸೈನಿಕರು ಬಂದದ್ದು ತೊಂಬತ್ತರ ಡಿಸೆಂಬರಿನ ಒಂದು ಮಧ್ಯಾಹ್ನ. ಕೆಳಗಿನ ಮನೆಯ ಅಹ್ಮದ್ ಬಾವಾ ಏದುಸಿರು ಬಿಡುತ್ತ ಮೇಲೆ ಬಂದ.

“ತೆರೆಸಾ ಬಾಯಿ, ಒಂದೊಂದೇ ಮನೆ ಹುಡುಕ್ತಿದ್ದಾರೆ. ಆಚೆ ಕಟ್ಟಡದಲ್ಲಿ ಒಬ್ಬನನ್ನು ಕೊಂಡುಹೋದ್ರು. ನಿಮ್ಮಲ್ಲಿ ಅಂಥದ್ದು ಎಂತದೂ ಇಲ್ಲ ಅಲ್ವಾ?”

“ಎಂತ ಇಲ್ಲ ಬಾವಾ,” ಎಂದ ತೆರೆಸಾಳ ಗಂಡ ರುಡಾಲ್ಫ್.

ಬಾವಾ ಇಳಿದುಹೋದ ಮೇಲೆ ಇಬ್ಬರ ಕಣ್ಣೂ ದೇವರ ಪೀಠದತ್ತ ಹೋಯಿತು. ಮಾತೆ ಮರಿಯಳ ಪ್ರತಿಮೆಯ ಕೆಳಗೆ ನೀಲಿ ಪಟ್ಟೆಯ ಬಿಳಿ ಉಣ್ಣೆಯ ಶಾಲು. ನಾಲ್ಕು ಮೂಲೆಗೂ ಗಂಟು ಹಾಕಿದ ಕುಚ್ಚು.

ಮದುವೆಗೆ ಮೊದಲು ತೆರೆಸಾ ಬೊಂಬಾಯಿಯಲ್ಲಿ ಆರೈಕೆ ಮಾಡಿದ್ದ ಯೆಹೂದಿ ಮುದುಕನ ಪ್ರಾರ್ಥನೆಯ ಶಾಲು ಅದು. ಅವರ ಭಾಷೆಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಎಂದು ಆತ ಹೇಳುತ್ತಿದ್ದ. ಕುಚ್ಚಿಗಿರುವ ಹೆಸರಿನ ಅಕ್ಷರ ಕೂಡಿಸಿದರೆ ಆರುನೂರು. ಎಳೆ ಎಂಟು, ಗಂಟು ಐದು ಸೇರಿಸಿದರೆ ದೇವರ ಆಜ್ಞೆಗಳು ಅಷ್ಟೂ, ಆರುನೂರ ಹದಿಮೂರು. ಸಾಯುವ ಮುಂಚೆ ಶಾಲನ್ನು ಅವಳ ಕೈಗಿತ್ತು, ನೆಲಕ್ಕೆ ಹಾಕಬೇಡ ಎಂದಿದ್ದ. ಅವಳು ತಂದು ಪೀಠಕ್ಕೆ ಹಾಸಿದ್ದಳು.

“ನಮ್ಮ ಹತ್ತು ಆಜ್ಞೆಯೇ ನಡೆಸ್ಲಿಕ್ಕಾಗುದಿಲ್ಲ, ನೀನು ಆರುನೂರು ತಂದು ಹಾಸಿದ್ದಿ,” ಎಂದ ರುಡಾಲ್ಫ್. “ಒಂದು ಕಾಲದಲ್ಲಿ ಯೆಹೂದಿಗಳೇ ತುಂಬಿದ್ದ ಊರು ಬಗ್ದಾದ್, ಅಲ್ಲಿಯವರಿಗೆ ಈ ಕುಚ್ಚಿನ ಗುರುತು ಸಿಗದೆ ಇರ್ತದಾ? ಇಸ್ರೇಲಿನ ಗೂಢಚಾರ ಅಂತ ನನ್ನನ್ನು ಕೊಂಡುಹೋಗ್ತಾರೆ. ಕತ್ತರಿ ಕೊಡು.”

“ಕತ್ತರಿಸಿದ್ದನ್ನು ಎಲ್ಲಿ ಹಾಕುದು? ಕಸಕ್ಕಾ? ಬಿಚ್ಚಿದ್ರೆ ಬರೀ ನೂಲು. ಸುಮ್ನಿರಿ.”

ಶಂಕರಪುರದಲ್ಲಿ ಬಾಳೆನಾರಿನಿಂದ ಮಲ್ಲಿಗೆ ಕಟ್ಟಿ ಬೆಳೆದ ಬೆರಳುಗಳು ಅವು. ಆದರೆ ಒಗೆದು ಒಗೆದು ಬಿಗಿದ ಉಣ್ಣೆಯ ಗಂಟು ಜಗ್ಗಲಿಲ್ಲ. ತಲೆಯ ಪಿನ್ನು ತೆಗೆದು ಮೀಟಿದಳು. ಒಂದು ಮೂಲೆ ಸಡಿಲಾಯಿತು, ಇನ್ನೊಂದು. ಕೆಳಗೆ ಬಾವಾನ ಕಪಾಟು ಉರುಳಿದ ಸದ್ದು. ಮೂರನೆಯದು ಬಿಚ್ಚುವಾಗ ಬೂಟುಗಳು ಮೆಟ್ಟಿಲಲ್ಲಿದ್ದವು. ನಾಲ್ಕನೆಯ ಮೂಲೆಯನ್ನು ಗೋಡೆಯ ಕಡೆ ತಿರುಗಿಸಿ ಪ್ರತಿಮೆ ಇಟ್ಟಳು.

ಬಂದವರು ಇಬ್ಬರು. ಅಧಿಕಾರಿ ರುಡಾಲ್ಫನನ್ನು ತಳ್ಳಿಕೊಂಡು ಒಳಕೋಣೆಗೆ ನಡೆದ. ಜೊತೆಗಿದ್ದ ಸೈನಿಕನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಚಳಿಗೆ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಪೀಠದ ಮುಂದೆ ನಿಂತು ಶಾಲನ್ನು ಮುಟ್ಟಿ ನೋಡಿದ. ಅವನು ಪ್ರತಿಮೆಯನ್ನು ಜೋಪಾನವಾಗಿ ಎತ್ತಿ ಬದಿಗಿಟ್ಟು, ಶಾಲು ಸೆಳೆದು ಕುತ್ತಿಗೆಗೆ ಸುತ್ತಿಕೊಂಡ.

ಒಳಗಿನಿಂದ ಅಧಿಕಾರಿ ರುಡಾಲ್ಫನ ಗಡಿಯಾರ ಕಟ್ಟಿಕೊಳ್ಳುತ್ತ ಬಂದ. “ಖಲಾಸ್, ಯಲ್ಲಾ,” ಎಂದ. ಇಬ್ಬರೂ ಇಳಿದುಹೋದರು.

ರುಡಾಲ್ಫ್ ಒಳಗಿನಿಂದ ಬಂದು ಕುಳಿತ. “ದೇವರು ದೊಡ್ಡವನು. ಶಾಲೂ ಹೋಯ್ತು, ಪೀಡೆಯೂ ಹೋಯ್ತು.”

ತೆರೆಸಾ ಕಿಟಕಿಯ ಹತ್ತಿರ ಹೋದಳು. ಕೆಳಗೆ ಆ ಸೈನಿಕ ಮುಂದೆ ನಡೆಯುತ್ತಿದ್ದ. ಅವನ ಬೆನ್ನ ಮೇಲೆ, ಐದು ಗಂಟೂ ಬಿಗಿಯಾಗಿಯೇ ಇದ್ದ ಆ ಒಂದು ಕುಚ್ಚು ತೂಗುತ್ತಿತ್ತು. ಅಧಿಕಾರಿ ಅವನ ಹಿಂದೆಯೇ ಇದ್ದ. ಇನ್ನೂ ತಲೆ ಎತ್ತಿರಲಿಲ್ಲ, ಹೊಸ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ.

“ಆ ಹುಡುಗನಿಗೆ ಯಾರು ಹೇಳುದು?” ಎಂದಳು ತೆರೆಸಾ. ಪಿನ್ನು ಅವಳ ಕೈಯಲ್ಲೇ ಇತ್ತು.

ರುಡಾಲ್ಫ್ ಎದ್ದು ಬಂದು ಪರದೆ ಎಳೆದ.