ಎಡಗಿವಿಯ ಕಂತು

ಲಾಕರ್ ಕೋಣೆಯಲ್ಲಿ ಕೆಲಸ ಮಾಡುವವರು ಗ್ರಾಹಕರಿಗೆ ಬೆನ್ನು ಹಾಕಿ ನಿಲ್ಲಬೇಕು. ಅಲ್ಲಿನ ಮೊದಲ ನಿಯಮವೇ ಅದು. ಮೊದಲು ಕೋಣೆಯವರ ಬೀಗದಕೈ ಅರ್ಧ ಸುತ್ತು, ಆಮೇಲೆ ಗ್ರಾಹಕರ ಬೀಗದಕೈ ಪೂರ್ತಿ ಸುತ್ತು. ಲಾಕರಿನ ಬಾಗಿಲು ತೆರೆದ ಕೂಡಲೇ ಗೋಡೆಯ ಕಡೆ ಮುಖ ತಿರುಗಿಸಿಬಿಡಬೇಕು. ಒಳಗೆ ಏನಿತ್ತು, ಏನು ಹೋಯಿತು ಎನ್ನುವುದು ನೋಡುವ ವಿಷಯವಲ್ಲ. ಬಾಗಿಲು ಮತ್ತೆ ಮುಚ್ಚಿದ್ದು ತಿಳಿಯಬೇಕಾದದ್ದು ಕಿವಿಯಿಂದ. ಒಂದು ಸಣ್ಣ 'ಟಕ್'. ಅದು ಕೇಳಿಸುವ ತನಕ ತಿರುಗುವ ಹಾಗಿಲ್ಲ.

"ಹೆಂಡತಿ ಮುಖಕ್ಕಿಂತ ಈ ಗೋಡೇನೇ ಜಾಸ್ತಿ ನೋಡಿದೀನಮ್ಮ ನಾನು," ಎಂದ ಬೀಗದಜ್ಜ. ನಿವೃತ್ತಿಗೆ ಬಂದಿದ್ದ ಅವನ ಜಾಗಕ್ಕೇ ಈಗ ಆಳು ಬೇಕಾಗಿತ್ತು. "ಗೋಡೆ ಮಾತ್ರ ಒಂದಿನಾನೂ ಸಿಡಿಮಿಡಿ ಅಂದಿಲ್ಲ. ಹೂಂ, ತಿರುಗಿ ನಿಂತ್ಕೋ. ನೋಡೋಣ ನಿನ್ನ ಕಿವಿ."

ಗುಬ್ಬಿ ಗೋಡೆಗೆ ಮುಖ ಮಾಡಿದಳು. ಅದು ಮನೆಯವರು ಇಟ್ಟ ಹೆಸರು. ಚಿಕ್ಕವಳಿದ್ದಾಗ ಎಲ್ಲಿ ಏನು ಸದ್ದಾದರೂ ಗುಬ್ಬಿಯ ಹಾಗೆ ಚಕ್ಕನೆ ಕತ್ತು ಹೊರಳಿಸುತ್ತಿದ್ದಳು, ಈಗ ಮೂವತ್ತೆಂಟಾದರೂ ಆ ಅಭ್ಯಾಸ ಹೋಗಿರಲಿಲ್ಲ. ಬೆನ್ನ ಹಿಂದೆ ಅಜ್ಜ ಒಂದೊಂದೇ ಲಾಕರು ತೆರೆದು ಮುಚ್ಚಿದ. ಮೇಲಿನ ಸಾಲು, ಕೆಳಗಿನ ಸಾಲು, ಬಾಗಿಲ ಹತ್ತಿರದ್ದು ಎಂದು ಅವಳು ಹೇಳುತ್ತಾ ಹೋದಳು. ಕೊನೆಗೊಮ್ಮೆ ಅಜ್ಜ ಬರೀ ನಾಲಿಗೆಯಲ್ಲಿ 'ಟಕ್' ಎನಿಸಿದ.

"ಅದು ನೀವು, ಬಾಯಲ್ಲಿ ಮಾಡಿದ್ದು," ಎಂದಳು.

ಅಜ್ಜ ಗಹಗಹಿಸಿ ನಕ್ಕ. "ಈ ಹುಡುಗೀನೇ ಆಗಬೋದು ಮೇಡಂ."

ಗಾಜಿನ ಕೋಣೆಯ ಅಧಿಕಾರಿಣಿ ತಲೆಯೆತ್ತದೆ ಹೇಳಿದಳು: "ನನಗೂ ಒಪ್ಪಿಗೆ. ಕ್ರೆಡಿಟ್ ರಿಪೋರ್ಟ್ ಒಂದು ಬರಲಿ, ಇದುವರೆಗಿನ ಸಾಲದ ಚರಿತ್ರೆ. ಬೇರೆಯವರ ಒಡವೆ ಮಧ್ಯೆ ನಿಲ್ಲೋ ಕೆಲಸ ನೋಡಿ, ಕುತ್ತಿಗೆ ತನಕ ಸಾಲ ಇರೋರನ್ನ ತಗೊಳ್ಳಲ್ಲ. ಏನೂ ಇಲ್ಲದೋರನ್ನೂ ತಗೊಳ್ಳಲ್ಲ. ಅವರು ಹೇಗೆ ಅಂತ ಗೊತ್ತಾಗೋದಾದ್ರೂ ಹೇಗೆ?"

ಗುಬ್ಬಿಯದು ಏನೂ ಇಲ್ಲದ ಬಾಳು. ಅಪ್ಪ ಯಾರ ಹತ್ತಿರವೂ ಒಂದು ಕಾಸು ಸಾಲ ಮಾಡಿದವನಲ್ಲ, ಮಕ್ಕಳಿಗೂ ಬಿಟ್ಟವನಲ್ಲ. ಸೋರುವ ನಲ್ಲಿಯನ್ನು ಬಟ್ಟೆ ಕಟ್ಟಿ ವರ್ಷ ನಡೆಸಿದರೂ ಸರಿ, ಕಂತಿನ ಮಾತು ಎತ್ತುವಂತಿರಲಿಲ್ಲ. ಅವನು ಹಾಸಿಗೆ ಹಿಡಿದ ಕಾಲವೆಲ್ಲ ಅವಳೇ ನೋಡಿಕೊಂಡಳು. ಅವನು ತೀರಿಕೊಂಡ ಮೇಲೆ ಕೆಲಸ ಹುಡುಕಿ ಹೊರಟರೆ, ಈಗಾಗಲೇ ಎರಡು ಕಡೆ ಅವಳ ಹೆಸರಿನ ಎದುರು ಬಿಳಿ ಹಾಳೆ ಬಂದಿತ್ತು. ಎರಡು ಕಡೆಯೂ ನಯವಾಗಿಯೇ ಕೈಮುಗಿದು ಕಳಿಸಿದ್ದರು.

ಅವಳು ಇದ್ದದ್ದು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ. ಭಾವನ ತಾಯಿ ತಿಂಗಳ ಕೊನೆಗೆ ಅಲ್ಲಿಗೆ ಬಂದು ನೆಲೆಸುವವರಿದ್ದರು.

"ನಾದಿನಿಯವರ ಚರಿತ್ರೆ ಬಂತೇನು?" ಎಂದು ಭಾವ ರಾತ್ರಿ ಊಟದ ಹೊತ್ತಿಗೆ ಕೆಣಕಿದ. "ಇಲ್ಲ ಅಂದ್ರೆ ನನ್ನ ಸಾಲದಲ್ಲಿ ಸ್ವಲ್ಪ ಇಸ್ಕೋಮ್ಮ. ಬೇಕಾದಷ್ಟಿದೆ, ಬಡ್ಡಿ ಸಮೇತ ಕೊಡ್ತೀನಿ."

"ಸುಮ್ನೆ ತಿನ್ರೀ," ಎಂದಳು ಅಕ್ಕ. ಆಮೇಲೆ ಪಾತ್ರೆ ತೊಳೆಯುತ್ತಾ, ತಂಗಿಯ ಮುಖ ನೋಡದೆ, "ಈ ಕೆಲಸ ಆಗ್ಬಿಡ್ಲಿ ಗುಬ್ಬಿ. ಅತ್ತೆ ಟ್ರಂಕು ನಾಳೆನೇ ಬರತ್ತಂತೆ," ಎಂದಳು.

ವರದಿ ಬಂದ ದಿನ ಅಧಿಕಾರಿಣಿ ಅವಳನ್ನು ಕೂರಿಸಿ, ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಮುಖದಲ್ಲಿ ನಗುವಿತ್ತು.

"ಇಷ್ಟು ಚೊಕ್ಕಟವಾದ್ದನ್ನ ನಾನು ನೋಡೇ ಇಲ್ಲ. ಹೊಲಿಗೆ ಯಂತ್ರ, ತೀರಿದೆ. ಫ್ರಿಜ್ಜು, ತೀರಿದೆ. ಕಿವಿಗೆ ಹಾಕೋ ಯಂತ್ರ, ಹೋದ ವರ್ಷದ್ದು, ಕಂತು ನಡೀತಿದೆ. ಒಂದಿನ ತಡ ಇಲ್ಲ. ನಿಮ್ಮದೇ ತಾನೇ?"

ಹೆಸರು ಅವಳದೇ. ಅಪ್ಪನ ಹೆಸರು, ಹುಟ್ಟಿದ ದಿನ, ಗುರುತಿನ ಸಂಖ್ಯೆ ಎಲ್ಲವೂ ಅವಳದೇ. ವಿಳಾಸದ ಬೀದಿ ಮಾತ್ರ ಅವಳು ಕೇಳರಿಯದ್ದು. ಅವಳ ಬಳಿ ಹೊಲಿಗೆ ಯಂತ್ರವಿರಲಿಲ್ಲ. ಸೂಜಿಗೆ ದಾರ ಪೋಣಿಸುವುದೇ ಅವಳಿಗೆ ದೊಡ್ಡ ಕೆಲಸ.

"ಕಿವಿ ಯಂತ್ರ ಯಾರಿಗೆ? ನಿಮಗಲ್ಲ ತಾನೇ?" ಅಧಿಕಾರಿಣಿಯ ನಗು ಒಂದಿಷ್ಟು ಸಣ್ಣದಾಯಿತು.

"ಅಪ್ಪನಿಗೆ," ಎಂದುಬಿಟ್ಟಳು ಗುಬ್ಬಿ. ಪಕ್ಕದ ಕೋಣೆಯಲ್ಲಿ ಮಾತ್ರೆಯ ಹಾಳೆ ಹರಿದರೂ 'ಯಾವ ಮಾತ್ರೆ ಅದು?' ಎಂದು ಕೇಳುತ್ತಿದ್ದ ಅಪ್ಪನಿಗೆ.

"ಸರಿ ಹಾಗಾದ್ರೆ. ನಾಳೆ ಬಂದು, ಇದರಲ್ಲಿರೋದೆಲ್ಲಾ ನನ್ನದೇ ಅಂತ ಸಹಿ ಹಾಕಿ. ಏನಾದ್ರೂ ತಪ್ಪಿದ್ರೆ ಬರೆದುಕೊಡಿ, ಅಳಿಸಿಹಾಕ್ತಾರೆ." ಅವಳು ಸ್ವಲ್ಪ ತಡೆದು ಹೇಳಿದಳು, "ಅಳಿಸಿದ್ರೆ ಆಮೇಲೆ ಏನೂ ಉಳಿಯಲ್ಲ, ನೋಡ್ಕೊಳ್ಳಿ."

ಕಿವಿ ಯಂತ್ರ ಮಾರಿದ ಅಂಗಡಿಯ ಹೆಸರು ಪರದೆಯ ಮೇಲೆ ಇತ್ತು. ಗುಬ್ಬಿ ನೇರ ಅಲ್ಲಿಗೇ ಹೋದಳು. ಅವಳ ಹೆಸರಿನಲ್ಲಿ ಯಾರು ಕೊಂಡರು ಎಂದು ಕೇಳಿ, ಅವರನ್ನು ಪತ್ತೆ ಹಚ್ಚುವುದು ಅವಳ ಯೋಚನೆ. ಎರಡು ಕುರ್ಚಿ, ಒಂದು ಗಾಜಿನ ಪೆಟ್ಟಿಗೆ, ಹಿಂದೆ ಸಣ್ಣ ಸಣ್ಣ ಖಾನೆಗಳ ಬೀರು ಇದ್ದ ಇಕ್ಕಟ್ಟಾದ ಅಂಗಡಿ ಅದು. ಅಂಗಡಿಯವನು ತಲೆಯೆತ್ತಿ ನೋಡಿದವನೇ, ದಿನಾ ಕಾಣುವವರನ್ನು ಕಂಡಂತೆ ಎದ್ದು ನಿಂತ.

"ಬನ್ನಿ ಮೇಡಂ. ಈ ಸಲ ಬೇಗ ಬಂದ್ರಿ. ಏನು, ಮತ್ತೆ ಸಡಿಲ ಆಯ್ತಾ?" ಎಂದು ಎಂಟು ಮನೆಗೆ ಕೇಳುವಂತೆ ಕೂಗಿದ.

"ಮೆಲ್ಲಗೆ ಮಾತಾಡಿ, ನನಗೆ ಕೇಳಿಸುತ್ತೆ. ನೀವು ನನ್ನ ನೋಡಿದೀರಾ?"

"ಚೆನ್ನಾಗಿದೆ ಕಣ್ರೀ! ಕಿವಿಯೊಳಗೆಲ್ಲಾ ನೋಡಿದೀನಿ, ಮುಖ ಮರೀತೀನಾ?" ಅವನು ನಗುತ್ತಲೇ ಬೀರುವಿನ ಒಂದು ಖಾನೆ ಎಳೆದು, ಅಂಗೈಯಲ್ಲಿ ಏನನ್ನೋ ಹಿಡಿದು ತಂದ. ಗುಲಾಬಿ ಬಣ್ಣದ ಸುರುಳಿ ಅಚ್ಚು, ಮೆತ್ತಗೆ, ಒಸಡಿನ ಹಾಗೆ. "ಇದೇ ಅಲ್ವಾ ನಿಮ್ಮ ಎಡಗಿವಿ? ಅಚ್ಚು ತೆಗೆದೇ ಮಾಡಬೇಕು ಇವನ್ನ. ಒಬ್ಬರದು ಇನ್ನೊಬ್ಬರಿಗೆ ಸುತರಾಂ ಕೂರಲ್ಲ, ಒಡಹುಟ್ಟಿದೋರಿಗೂ ಕೂರಲ್ಲ."

ಅವನು ಅದನ್ನು ಅವಳ ಕಿವಿಯ ಕಡೆಗೆ ತಂದ. ಗುಬ್ಬಿ ತಡೆಯುವ ಮೊದಲೇ ಅದು ತಣ್ಣಗೆ ಒಳಗೆ ಜಾರಿ, ಎಲ್ಲೂ ಚುಚ್ಚದೆ, ಎಲ್ಲೂ ಬಿಡದೆ, ಕೂತುಬಿಟ್ಟಿತು.

ಅವಳು ಅದನ್ನು ಕಿತ್ತು ಗಾಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲದೆ ಬೀದಿಗೆ ಬಂದಳು.

ಇದು ತನ್ನದಲ್ಲ ಎಂದು ಬರೆದುಕೊಡಬೇಕು, ಅಷ್ಟೇ. ದಾರಿಯುದ್ದಕ್ಕೂ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಸಿದ್ಧ ಮಾಡಿಕೊಂಡಳು. ಮನೆಗೆ ಬಂದು ಹಿಂದಿನ ಕೋಣೆಯ ಬಾಗಿಲು ತಳ್ಳಿದರೆ ಅದು ಅರ್ಧಕ್ಕೇ ನಿಂತಿತು. ಒಳಗೆ ಭಾವನ ತಾಯಿಯ ಟ್ರಂಕು ಬಂದು ಕೂತಿತ್ತು. ಗುಬ್ಬಿಯ ಬಟ್ಟೆಯನ್ನು ಯಾರೋ ಅಚ್ಚುಕಟ್ಟಾಗಿ ಮಡಿಚಿ, ಒಂದು ಚೀಲಕ್ಕೆ ತುಂಬಿ, ಟ್ರಂಕಿನ ಮೇಲೆ ಇಟ್ಟಿದ್ದರು. ಆ ಮಡಿಕೆ ಅಕ್ಕನ ಕೈಯದು ಎಂದು ನೋಡಿದರೇ ತಿಳಿಯುತ್ತಿತ್ತು.

ಮರುದಿನ ಅವಳು ಸಹಿ ಹಾಕಿದಳು.

ಸೋಮವಾರದಿಂದ ಕೆಲಸ. ಅಜ್ಜ ಬೀಗದಕೈ ಗೊಂಚಲನ್ನು ಅವಳ ಸೊಂಟಕ್ಕೆ ತಾನೇ ಸಿಕ್ಕಿಸಿ, ಗೋಡೆಗೊಂದು ಸಲಾಮು ಹೊಡೆದು ಹೋದ. ಮೊದಲ ಸಂಬಳ ಬಂದ ಕೂಡಲೇ ಬೇರೆ ಕೋಣೆ ಹಿಡಿಯುವುದಾಗಿ ಅವಳು ಹೇಳಿದ ಮೇಲೆ ಅಕ್ಕನ ಮುಖ ಹಗುರವಾಯಿತು. ಅಲ್ಲಿಯ ತನಕ ನಡುಮನೆಯಲ್ಲಿ ಹಾಸಿಗೆ. ಭಾವ ಕೂಡ ಕೆಣಕುವುದನ್ನು ಕಮ್ಮಿ ಮಾಡಿದ. ಹಾಗೆಂದು ಅವಳು ಅಂದುಕೊಂಡಳು.

"ಏನಮ್ಮಾ, ಕೆಲಸ ಸಿಕ್ಕಿದ್ದೇ ಗತ್ತು ಬಂತಾ? ಆಗಿಂದ ಕೂಗ್ತಿದೀನಿ," ಎಂದ ಅವನು ಒಂದು ಸಂಜೆ, ಎದುರಿಗೇ ಬಂದು ನಿಂತು. ಅವನು ಅಷ್ಟು ಹೊತ್ತೂ ಅವಳ ಎಡಕ್ಕೆ ಕೂತಿದ್ದ.

ಗುಬ್ಬಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಕೈಗಡಿಯಾರ ಬಿಚ್ಚಿ ಬಲಗಿವಿಗೆ ಹಿಡಿದಳು. ಟಿಕ್, ಟಿಕ್. ಎಡಗಿವಿಗೆ ಹಿಡಿದಳು. ತಣ್ಣನೆಯ ಲೋಹ ಕೆನ್ನೆಗೆ ತಾಗಿತು. ಬೇರೇನೂ ಇಲ್ಲ.

ಲಾಕರ್ ಕೋಣೆಯಲ್ಲಿ ಅವಳು ಬಲಗಿವಿ ಹಿಂದಕ್ಕೆ ಬರುವಂತೆ ಓರೆಯಾಗಿ ನಿಲ್ಲತೊಡಗಿದಳು. ದೂರದ ಸಾಲುಗಳ 'ಟಕ್' ಮಂಕಾಗುತ್ತಾ ಬಂತು. ಬಾಗಿಲ ಮೇಲಿನ ಕ್ಯಾಮೆರಾದ ಕೆಂಪು ಚುಕ್ಕೆಯ ಆಚೆ ಅಧಿಕಾರಿಣಿ ಇದ್ದಾಳೆ ಎನ್ನುವುದು ನೆನಪಿದ್ದು, ಗ್ರಾಹಕರು ತಾವಾಗಿಯೇ 'ಆಯ್ತು' ಅನ್ನುವ ತನಕ ಗೋಡೆಯನ್ನೇ ನೋಡುತ್ತಿದ್ದಳು. ಸುಣ್ಣ ಎದ್ದ ಒಂದು ಕಡೆ ಕಿವಿಯ ಆಕಾರದ ಕಲೆ ಇತ್ತು. ಅದು ಮೊದಲಿಂದ ಇತ್ತೋ ಇಲ್ಲವೋ, ಕೇಳೋಣವೆಂದರೆ ಅಜ್ಜ ಇರಲಿಲ್ಲ.

ಒಂದು ಮಧ್ಯಾಹ್ನ ಅವಳದೇ ವಯಸ್ಸಿನ ಹೆಂಗಸೊಬ್ಬಳು ಮೆಟ್ಟಿಲಿಳಿದು ಬಂದಳು. ಇಸ್ತ್ರಿ ಮಾಡಿದ ಹತ್ತಿ ಬಟ್ಟೆ, ತಾನೇ ಹೊಲಿದುಕೊಂಡ ಹಾಗೆ ಮೈಗೆ ಸರಿಯಾಗಿ ಕೂತಿತ್ತು. ಹೆಸರು ಕೇಳಿದರೆ ಗುಬ್ಬಿಯ ಹೆಸರನ್ನೇ ಹೇಳಿದಳು. ಅಪ್ಪನ ಹೆಸರನ್ನೂ ಹೇಳಿದಳು.

"ಗಾಬರಿ ಆಗ್ಬೇಡಿ," ಎಂದಳು, ಮುದ್ದಿಸುವ ದನಿಯಲ್ಲಿ. "ಉಪಕಾರ ನೆನೆಯೋಣ ಅಂತ ಬಂದೆ. ನನ್ನ ಲಾಕರು ತೆರೀತೀರಾ?"

ಕ್ಯಾಮೆರಾದ ಚುಕ್ಕೆ ಉರಿಯುತ್ತಿತ್ತು. ಗುಬ್ಬಿಯ ಕೈ ತಾನಾಗಿಯೇ ಹೋಗಿ ಅರ್ಧ ಸುತ್ತು ತಿರುಗಿಸಿತು. ಹೆಂಗಸು ತನ್ನ ಬೀಗದಕೈ ತಿರುಗಿಸಿದಳು. ಬಾಗಿಲು ತೆರೆಯಿತು. ಗುಬ್ಬಿ ಗೋಡೆಗೆ ಮುಖ ಮಾಡಿದಳು.

"ಎಲ್ಲಾ ನಂದೇ ಅಂತ ನೀವು ಸಹಿ ಹಾಕಿದಿರಲ್ಲ, ಅವತ್ತಿಂದ ನಂಗೆ ಎಲ್ಲಾ ಕೇಳಿಸುತ್ತೆ," ಎಂದಿತು ಬಲಗಿವಿಯ ಹಿಂದಿನ ದನಿ. "ಪಕ್ಕದ ಮನೆ ಗಡಿಯಾರ, ಆಕಡೆ ಬೀದೀಲಿ ಮಗು ಅಳೋದು. ಎಷ್ಟು ವರ್ಷ ಆಗಿತ್ತು! ಇನ್ನು ಇದು ನಂಗೆ ಬೇಡ."

ಅವಳ ಎಡಗಡೆಯ ಮೇಜಿನ ಮೇಲೆ ಒಂದು ಕೈ ಏನನ್ನೋ ಇಟ್ಟಿತು. ಗುಬ್ಬಿ ಕಣ್ಣಂಚಿನಲ್ಲಿ ನೋಡಿದಳು. ಗುಲಾಬಿ ಬಣ್ಣದ ಸುರುಳಿ, ಅದಕ್ಕೆ ಸಿಕ್ಕಿಸಿದ ಕಿವಿ ಯಂತ್ರ.

ಆಮೇಲೆ ಸದ್ದಿಲ್ಲ. ಅವಳು ಕಾದಳು. "ಆಯ್ತಾ?" ಎಂದಳು. ಉತ್ತರವಿಲ್ಲ. ಹೆಂಗಸು ಹೋದಳೋ, ಬೆನ್ನಿಗೇ ನಿಂತಿದ್ದಾಳೋ, ಲಾಕರು ತೆರೆದೇ ಇದೆಯೋ, ಗೊತ್ತಾಗುವ ದಾರಿಯಿಲ್ಲ. ತಿರುಗಿದರೆ ನಿಯಮ ಮುರಿದ ಹಾಗೆ, ಕೆಲಸ ಹೋದ ಹಾಗೆ. ತಿರುಗದಿದ್ದರೆ ಎಷ್ಟು ಹೊತ್ತು? ಕುತ್ತಿಗೆಯ ಕೂದಲು ಯಾರದೋ ಉಸಿರಿಗೆ ಅಲುಗಿದಂತಾಯಿತು. ಗುಬ್ಬಿ ಎಡಗೈ ಚಾಚಿ, ಮೇಜಿನ ಮೇಲಿದ್ದದ್ದನ್ನು ಎತ್ತಿ, ಕಿವಿಗಿಟ್ಟುಕೊಂಡಳು. ಅದಿನ್ನೂ ಬೆಚ್ಚಗಿತ್ತು.

'ಟಕ್.'

"ಐದನೇ ತಾರೀಕಿನೊಳಗೆ ಕಟ್ಟಿಬಿಡಿ," ಎಂದಿತು ದನಿ, ಕಿವಿಯ ಒಳಗಿನಿಂದಲೇ ಎಂಬಷ್ಟು ಹತ್ತಿರದಲ್ಲಿ. "ಇಷ್ಟು ವರ್ಷ ನಾನು ಒಂದಿನಾನೂ ತಪ್ಪಿಸಿಲ್ಲ. ನಿಮ್ಮ ಹೆಸರು ಕೆಡಬಾರದಲ್ಲ."

ಅವಳು ತಿರುಗಿದಾಗ ಲಾಕರು ಮುಚ್ಚಿತ್ತು. ಮೆಟ್ಟಿಲ ಮೇಲೆ ಹಗುರವಾದ ಹೆಜ್ಜೆಯ ಸದ್ದು ಮೇಲೇರಿ ಹೋಯಿತು. ಒಂದೊಂದೂ ಸ್ಪಷ್ಟವಾಗಿ ಕೇಳಿಸಿತು.

ಸಂಜೆ ಅವಳು ಕಿವಿಯ ಮೇಲೆ ಕೂದಲು ಇಳಿಬಿಟ್ಟುಕೊಂಡು ಮನೆಗೆ ಬಂದಳು. ಅಕ್ಕನಿಗೆ ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು ಎಂದು ಪದ ಜೋಡಿಸುತ್ತಿರುವಾಗಲೇ ಅಡುಗೆಮನೆಯಿಂದ ಅಕ್ಕ ಕರೆದಳು. ಎಡಗಡೆಯಿಂದ. ಗುಬ್ಬಿ ಚಕ್ಕನೆ ಕತ್ತು ಹೊರಳಿಸಿದಳು.

"ಸದ್ಯ, ಬ್ಯಾಟರಿ ಹಾಕಿಸ್ಕೊಂಡ್ಯಾ!" ಎಂದಳು ಅಕ್ಕ, ಸೆರಗಿಗೆ ಕೈ ಒರೆಸುತ್ತಾ. "ಇಷ್ಟು ದಿನ ಕೂಗಿ ಕೂಗಿ ನನ್ನ ಗಂಟಲು ಹೋಯ್ತು."

"ಅಕ್ಕಾ, ಇದನ್ನ ನಾನು ಯಾವಾಗ ತಗೊಂಡೆ?"

ಅಕ್ಕ ಅವಳ ಕೂದಲನ್ನು ಪಕ್ಕಕ್ಕೆ ಸರಿಸಿ, ವರ್ಷದಿಂದ ರೂಢಿಯಾದ ಕೈಯಿಂದ ಅದನ್ನು ಒಂದಿಷ್ಟು ಒಳಗೊತ್ತಿ ಸರಿಮಾಡಿದಳು.

"ತಮಾಷೆನಾ? ಅಪ್ಪ ಇದ್ದಾಗ್ಲೇ ಅಲ್ವೇನೇ. ಕಂತಲ್ಲಿ ತಗೊಂಡೆ ಅಂತ ಎಷ್ಟು ಬೈದ್ರು ಅವತ್ತು. ಕೊನೇ ತನಕ ನಿನ್ನ ಹತ್ರ ಸರಿಯಾಗಿ ಮಾತಾಡಲೇ ಇಲ್ಲ ಪಾಪ."