ಸೊನ್ನೆಯ ಗೂಡು

ಭತ್ತ ಅಳೆಯುವವನು ಮೊದಲ ಕೊಳಗಕ್ಕೆ ‘ಒಂದು’ ಎನ್ನುವುದಿಲ್ಲ. ‘ಲಾಭ’ ಎನ್ನುತ್ತಾನೆ. ಆಮೇಲೆ ‘ಎರಡು’, ‘ಮೂರು’. ಕಲ್ಮಕ್ಕಿಯ ಒಡೆಯರ ಕಣದಲ್ಲಿ ಇಪ್ಪತ್ತೆರಡು ವರ್ಷ ಹೀಗೆ ಅಳೆದ ಜಟ್ಟಿಂಗಪ್ಪನನ್ನು ೧೯೬೪ರ ಬೇಸಗೆಯಲ್ಲಿ ಸಾಗರದ ಒಂದು ಬಾಡಿಗೆ ಮನೆಯೊಳಗೆ ನಿಲ್ಲಿಸಿ, ಮೊದಲನೆಯದಕ್ಕೆ ‘ಸೊನ್ನೆ’ ಅನ್ನಬೇಕು ಎಂದು ಹೇಳಿಕೊಟ್ಟರು. ನಲವತ್ತೈದು ವರ್ಷದ ಗಂಡಸು ಎಣಿಸುವುದನ್ನು ಹೊಸದಾಗಿ ಕಲಿತ. ಹೊಟ್ಟೆಪಾಡು ಏನನ್ನು ತಾನೇ ಕಲಿಸುವುದಿಲ್ಲ?

ಆ ಬಾಡಿಗೆ ಮನೆ ಒಂದು ತಾತ್ಕಾಲಿಕ ಕಚೇರಿ. ಅಣೆಕಟ್ಟಿನ ನೀರು ಕಲ್ಮಕ್ಕಿಯೂ ಸೇರಿ ಎಂಟು ಹಳ್ಳಿಗಳನ್ನು ಬರುವ ಮಳೆಗಾಲದಲ್ಲಿ ನುಂಗಲಿತ್ತು. ಅಲ್ಲಿಯ ಕುಟುಂಬಗಳಿಗೆ ಹೊಸನಗರ, ತೀರ್ಥಹಳ್ಳಿ ಕಡೆ ಯಾವ ಜಾಗ ಯಾರಿಗೆ ಎಂದು ತೀರ್ಮಾನ ಮಾಡುವ ಕೆಲಸ ಈ ಕಚೇರಿಯದು. ಮನುಷ್ಯರು ಹಂಚಿದರೆ ಒಡೆಯರ ಕಡೆಯವರಿಗೆ ಗದ್ದೆ, ಗೇಣಿಯವರಿಗೆ ಕಲ್ಲುಗುಡ್ಡ ಆಗುತ್ತದೆ, ಅದಕ್ಕೆ ಬೊಂಬಾಯಿಯ ದೊಡ್ಡ ಲೆಕ್ಕದ ಯಂತ್ರವೇ ಹಂಚಲಿ ಎಂದು ಹಟ ಹಿಡಿದವರು ಕಚೇರಿಯ ಅಧಿಕಾರಿ ಗಜಾನನ. ಆ ಯಂತ್ರದಲ್ಲಿ ಇವರಿಗೆ ಸಿಕ್ಕಿದ್ದು ಒಂದೇ ಒಂದು ಗಂಟೆ. ಅಲ್ಲಿ ಹೋಗಿ ತಪ್ಪಿದರೆ ತಿದ್ದಲು ಸಮಯವಿಲ್ಲ. ಹಾಗಾಗಿ ಗಜಾನನ ಸಾಗರದಲ್ಲೇ ಅದರ ಒಂದು ನಕಲು ಮಾಡಿದರು. ಮರದ್ದು.

ನಕಲೆಂದರೆ ಗೋಡೆಗೆ ಆನಿಸಿ ನಿಲ್ಲಿಸಿದ, ಅಂಚೆ ಕಚೇರಿಯಲ್ಲಿ ಕಾಗದ ಬೇರ್ಪಡಿಸಲು ಇರುವಂಥ ಗೂಡುಗಳ ಹಲಗೆ. ಹತ್ತು ಸಾಲು, ಸಾಲಿಗೆ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಗೂಡು. ಅದಕ್ಕೆ ಅವರು ‘ನೆನಪು’ ಎಂದು ಹೆಸರಿಟ್ಟಿದ್ದರು. ಮೇಲಿನ ಎರಡು ಸಾಲಿನಲ್ಲಿ ಏನೇನು ಮಾಡಬೇಕೆಂಬ ಅಪ್ಪಣೆಯ ಚೀಟಿಗಳು, ಉಳಿದ ಎಂಟು ಸಾಲಿನಲ್ಲಿ ಎಂಟು ಹಳ್ಳಿಯ ಕುಟುಂಬಗಳ ಚೀಟಿಗಳು. ಗುಮಾಸ್ತ ಧರ್ಮಪ್ಪ ಅಪ್ಪಣೆಗಳನ್ನು ಒಂದೊಂದಾಗಿ ಓದಿ, ಆಯಾ ಗೂಡಿನ ಚೀಟಿ ನೋಡಿ, ಲೆಕ್ಕ ಮಾಡಿ ಬರೆಯುತ್ತಿದ್ದ. ಗೂಡಿನಲ್ಲಿ ಇದ್ದದ್ದು ಇದ್ದ ಹಾಗೇ ಬೊಂಬಾಯಿಗೆ ಹೋಗಿ, ಅಲ್ಲಿ ಯಂತ್ರ ಓದುವ ಕಾರ್ಡುಗಳಲ್ಲಿ ತೂತುಗಳಾಗಿ, ನಿಜವಾದ ಯಂತ್ರದ ಹೊಟ್ಟೆ ಸೇರುವುದು. ಲೆಕ್ಕ ಓಡಿಸುವ ಮೊದಲು ಗೂಡುಗಳನ್ನು ತುಂಬಬೇಕು. ತುಂಬಲು ನಂಬಿಕೆಯ ಕೈ ಬೇಕು ಎಂದಾಗ ಯಾರೋ ಜಟ್ಟಿಂಗಪ್ಪನ ಹೆಸರು ಹೇಳಿದರು. ಕಣಜ ತುಂಬಿದವನು ಗೂಡು ತುಂಬಲಾರನೇ?

ಜಟ್ಟಿಂಗಪ್ಪ ಚೀಟಿ ಕೊಟ್ಟು ಗೂಡಿನ ಸಂಖ್ಯೆ ಕೂಗುವುದು, ಟೈಪಿಸ್ಟ್ ಮೀನಾಕ್ಷಮ್ಮ ಆ ಸಂಖ್ಯೆಯ ಗೂಡಿಗೆ ಹಾಕುವುದು. ಮೀನಾಕ್ಷಮ್ಮ ತೀರ್ಥಹಳ್ಳಿ ಕಡೆಯ ಗದ್ದೆ ಮನೆತನದ ಹೆಣ್ಣುಮಗಳು, ಹೇಳಿದ್ದನ್ನು ಹೇಳಿದಷ್ಟೇ ಮಾಡುವವಳು. ಗಜಾನನರಿಗೆ ಬೇಕಾದದ್ದೂ ಅದೇ. “ನೀವೀಗ ಮನುಷ್ಯರಲ್ಲ, ಯಂತ್ರದ ಭಾಗ. ಯಂತ್ರ ಯಾಕೆ ಅಂತ ಕೇಳೋದಿಲ್ಲ,” ಎಂದು ಅವರು ದಿನಾ ಹೇಳುತ್ತಿದ್ದರು. ಇನ್ನೊಂದು ನಿಯಮವೂ ಇತ್ತು. ಒಂದು ಗೂಡಿನಲ್ಲಿ ಎರಡು ಚೀಟಿ ಇರುವಂತಿಲ್ಲ. ಹೊಸದು ಹೋದರೆ ಹಳೆಯದು ಅಳಿಸಿಹೋಯಿತೆಂದೇ ಲೆಕ್ಕ, ಅದನ್ನು ತೆಗೆದು ಡಬ್ಬಕ್ಕೆ ಎಸೆಯಬೇಕು. ಡಬ್ಬದ ಕಾಗದ ಮಧ್ಯಾಹ್ನ ಕಾಫಿ ಒಲೆಗೆ. ತುಂಬುವುದರಲ್ಲಿ ತಪ್ಪು ಮಾಡಿದವರು ಅದೇ ದಿನ ಮನೆಗೆ. ಜಟ್ಟಿಂಗಪ್ಪನಿಗಿಂತ ಮೊದಲು ಇಬ್ಬರು ಹಾಗೆ ಹೋಗಿದ್ದರು.

ಆ ದಿನ ಕೊನೆಯ ತುಂಬುವಿಕೆ. ನಾಲ್ಕರ ರೈಲಿಗೆ ಗಜಾನನ ಹೊರಡಬೇಕು. ಬೆಳಿಗ್ಗೆ ಹತ್ತಕ್ಕೆ ಶುರುವಾಯಿತು. ಪ್ರತಿ ಹಳ್ಳಿಯ ಮೊದಲ ಚೀಟಿಗೆ ಜಟ್ಟಿಂಗಪ್ಪ “ಸೊನ್ನೆ” ಎಂದು ಮನಸ್ಸಿಲ್ಲದೆಯೇ ಕೂಗುತ್ತಿದ್ದ. ಒಂದು ಮನೆಯ ಹೆಸರು ಓದಿ ‘ಸೊನ್ನೆ’ ಎಂದರೆ ಆ ಮನೆಗೆ ಶಾಪ ಹಾಕಿದ ಹಾಗಲ್ಲವೇ? ಆದರೂ ಕಲಿತಿದ್ದ. ಏಳು ಹಳ್ಳಿಗಳಿಗೆ ಸರಿಯಾಗಿಯೇ ಅಂದ. ಎಂಟನೆಯ ಕಟ್ಟು ಬಿಚ್ಚಿದರೆ ಕಲ್ಮಕ್ಕಿ. ಮೊದಲ ಚೀಟಿ ಗುತ್ಯಮ್ಮನದು.

ಗುತ್ಯಮ್ಮ ಅವನ ಒಡಹುಟ್ಟಿದ ಅಕ್ಕ. ಗಂಡ ಸತ್ತ ಮೇಲೆ ಒಬ್ಬಳೇ ಒಡೆಯರ ಗೇಣಿ ಗದ್ದೆ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವಳು. ಗೇಣಿ ಕೊಟ್ಟದ್ದಕ್ಕೆ ಒಡೆಯರಿಂದ ರಶೀದಿ ಕೇಳಿ ಪಡೆದಿದ್ದ ಏಕೈಕ ಹೆಂಗಸು ಆ ಊರಿನಲ್ಲಿ. ಆ ರಶೀದಿಯ ಬಲದಿಂದಲೇ ಅವಳಿಗೆ ಕೋಣಂದೂರಿನ ಹತ್ತಿರ ನೀರಿನ ಆಸರೆ ಇರುವ ಜಾಗ ಬರಬೇಕು. ಅವತ್ತು ಏನಾಗುತ್ತದೋ ನೋಡೋಣವೆಂದು ಮೊದಲ ಬಸ್ಸಿಗೇ ಬಂದು ಕಚೇರಿಯ ಜಗಲಿಯ ಮೇಲೆ, ಕಿಟಕಿಯ ಕೆಳಗೆ ಕೂತಿದ್ದಳು. ತಮ್ಮ ತನ್ನ ಹೆಸರು ಓದಿದ್ದು ಕೇಳಿ ಎದ್ದು ಕಿಟಕಿಯ ಸರಳು ಹಿಡಿದು ನಿಂತಳು.

ಅವಳ ಮುಖ ನೋಡುತ್ತ ಆ ಮಾತು ಜಟ್ಟಿಂಗಪ್ಪನ ಬಾಯಿಂದ ಹೊರಡಲಿಲ್ಲ. ತಾಯಿಯ ಹಾಗೆ ಎತ್ತಿ ಆಡಿಸಿದ ಅಕ್ಕನ ಮನೆಗೆ ಸೊನ್ನೆಯೇ?

“ಗುತ್ಯಮ್ಮ. ಲಾಭ,” ಎಂದ.

ಮುಂದಿನದಕ್ಕೆ “ಒಂದು” ಎಂದ, “ಎರಡು” ಎಂದ, ಒಂಬತ್ತಕ್ಕೆ ಮುಗಿಸಿದ. ಸರಳಿನ ಆಚೆ ಗುತ್ಯಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಗಜಾನನ ಆಗ ಒಳಕೋಣೆಯಲ್ಲಿ ಟ್ರಂಕು ಕಟ್ಟಿಸುತ್ತಿದ್ದರು. ಬೆಳಗಿನ ಮಟ್ಟಿಗೆ ಎಲ್ಲರಿಗೂ ಸಮಾಧಾನ.

ಎರಡೂಕಾಲಿಗೆ ಧರ್ಮಪ್ಪ ಫಲ ಓದಲು ಶುರುಮಾಡಿದ. ಯಾರಿಗೆ ಎಲ್ಲಿ, ಎಷ್ಟು ಎಂದು ಹಳ್ಳಿ ಹಳ್ಳಿಯಾಗಿ. ಕಲ್ಮಕ್ಕಿಯ ಸಾಲಿಗೆ ಬಂದು ಮೂಗುತುದಿಯ ಕನ್ನಡಕದೊಳಗಿಂದ ನೋಡಿ ಓದಿದ. “ಕಲ್ಮಕ್ಕಿ. ಸೊನ್ನೆ ಗೂಡು ಖಾಲಿ, ಜಾಗ ಇಲ್ಲ. ಒಂದನೇ ಗೂಡು, ಹೂವಪ್ಪ, ಕೋಣಂದೂರು...”

ಜಟ್ಟಿಂಗಪ್ಪನಿಗೆ ಮುಂದಿನದು ಕೇಳಿಸಲಿಲ್ಲ. ಕೋಣಂದೂರಿನ ಜಾಗ ಹೂವಪ್ಪನಿಗೆ. ಅಕ್ಕನಿಗೆ ಏನೂ ಇಲ್ಲ, ಅವಳ ಹೆಸರೇ ಇಲ್ಲ.

“ಸಾರ್, ನಮ್ಮಕ್ಕನ ಹೆಸ್ರು ಬರ್ಲಿಲ್ಲ,” ಎಂದ.

ಗಜಾನನ ಗಡಿಯಾರ ನೋಡಿದರು. “ಇವತ್ತು ಆರು ಮನೆಗೆ ಇಲ್ಲ ಅಂತ ಬಂದಿದೆ ಜಟ್ಟಿಂಗಪ್ಪ. ಕಾಗದ ಸರಿ ಇಲ್ಲದವರಿಗೆ ಬರೋದಿಲ್ಲ. ಅರ್ಜಿ ಕೊಡ್ಲಿ, ಮುಂದಿನ ವರ್ಷ ವಿಚಾರಣೆ ಆಗತ್ತೆ.”

“ಮುಂದಿನ ವರ್ಷ ಅವ್ಳ ಮನೆ ನೀರಲ್ಲಿರ್ತದೆ ಸಾರ್. ರಶೀದಿ ಇತ್ತು. ಚೀಟಿಗೆ ನಂಬರು ಇಳಿಸುವಾಗ ನಾನೇ ಓದಿ ಹೇಳಿದ್ದೆ.”

“ಯಂತ್ರಕ್ಕೆ ಅಕ್ಕ ತಂಗಿ ಗೊತ್ತಿಲ್ಲ. ತುಂಬಿದ್ದು ಸರಿ ಇದ್ರೆ ಬಂದಿದ್ದೂ ಸರಿ.”

ಆ ಕೊನೆಯ ಮಾತು ಅವನನ್ನು ಚುಚ್ಚಿತು. ಹಲಗೆಯ ಮುಂದೆ ಹೋಗಿ ನಿಂತ. ಹತ್ತು ಮನೆ ತುಂಬದ ಹಳ್ಳಿಗಳಲ್ಲಿ ಸಾಲಿನ ಕೊನೆಯ ಗೂಡುಗಳು ಖಾಲಿ ಇದ್ದವು. ಕಲ್ಮಕ್ಕಿಯಲ್ಲಿ ಮಾತ್ರ ಮೊದಲ ಗೂಡು ಖಾಲಿ. ಚೀಟಿ ಎಣಿಸಿದ. ಒಂಬತ್ತು. ತಾನು ಕೊಟ್ಟದ್ದು ಹತ್ತು. ಕೊಳಗ ಹಿಡಿದ ಕೈಗೆ ಎಣಿಕೆ ತಪ್ಪುವುದಿಲ್ಲ ಎಂಬುದು ಅವನಿಗೆ ಎಷ್ಟು ಗೊತ್ತಿತ್ತೋ ಅಷ್ಟೇ ಭಯವೂ ಆಯಿತು. ಹತ್ತನೆಯದು ಎಲ್ಲಿ ಹೋಯಿತು?

“ಮೀನಾಕ್ಷಮ್ಮೋರೆ, ಕಲ್ಮಕ್ಕಿಯ ಮೊದಲ್ನೇ ಚೀಟಿ ಎಲ್ಲಿ ಹಾಕಿದ್ರಿ?” ಎಂದು ಮೆಲ್ಲಗೆ ಕೇಳಿದ.

“ಒಂದನೇ ಗೂಡಿಗೆ. ನೀವು ಲಾಭ ಅಂದ್ರಲ್ಲ, ಲಾಭ ಅಂದ್ರೆ ಒಂದೇ ಅಲ್ವಾ? ನಮ್ಮಪ್ಪಯ್ಯನೂ ಹಂಗೇ ಅಳೀತಿದ್ದಿದ್ದು,” ಎಂದಳು ಅವಳು. “ಆಮೇಲೆ ನೀವು ಇನ್ನೊಂದು ಚೀಟಿ ಕೊಟ್ಟು ಮತ್ತೆ ಒಂದು ಅಂದ್ರಿ. ಮೊದ್ಲಿಂದು ತಪ್ಪಾಗಿರ್ಬೇಕು, ಬದಲಿ ಕೊಟ್ರು ಅಂತ ಅದನ್ನ ತೆಗ್ದು ಡಬ್ಬಕ್ಕೆ ಹಾಕ್ದೆ.”

ಜಟ್ಟಿಂಗಪ್ಪ ಡಬ್ಬದ ಕಡೆ ನೋಡಿದ. ಅದು ಖಾಲಿಯಾಗಿತ್ತು. ಮಧ್ಯಾಹ್ನದ ಕಾಫಿಯನ್ನು ಅವನೂ ಕುಡಿದಿದ್ದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪ್ರೀತಿಯಿಂದ ಆಡಿದ ಒಂದು ಮಾತು ಅಕ್ಕನನ್ನು ಒಲೆಗೆ ಹಾಕಿತ್ತು. ಬೇರೆ ಏಳು ಊರಿನವರಿಗೆ ಸೊನ್ನೆ ಅಂದ, ಅವರೆಲ್ಲ ಉಳಿದರು. ತನ್ನವಳಿಗೆ ಲಾಭ ಅಂದ, ಅವಳು ಹೋದಳು.

ಗಜಾನನ ಅಷ್ಟರಲ್ಲಿ ಹತ್ತಿರ ಬಂದು ಕೊನೆಯ ಮಾತು ಕೇಳಿಸಿಕೊಂಡಿದ್ದರು. “ಏನು? ಚೀಟಿ ಡಬ್ಬಕ್ಕೆ ಹಾಕಿದ್ರಾ ಮೀನಾಕ್ಷಮ್ಮ?” ಎಂದರು. ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. “ನಿಮ್ಮ ಕೈಯಿಂದ ತಪ್ಪಾಯ್ತು.”

ಮೀನಾಕ್ಷಮ್ಮನ ಮುಖ ಬಿಳಿಚಿಕೊಂಡಿತು. ಕೆಲಸ ಹೋದರೆ ಅವಳ ಗತಿ ಏನೆಂದು ಜಟ್ಟಿಂಗಪ್ಪನಿಗೆ ಗೊತ್ತಿತ್ತು. ತನ್ನ ಗತಿಯೂ ಗೊತ್ತಿತ್ತು. ಕಣವಿಲ್ಲ, ಕೊಳಗವಿಲ್ಲ, ಊರೇ ಇಲ್ಲ. ಕೈಯಲ್ಲಿರುವುದು ಈ ಕೂಗುವ ಕೆಲಸ ಒಂದೇ. ಸುಮ್ಮನಿದ್ದರೆ ತಪ್ಪು ಅವಳ ತಲೆಗೆ ಹೋಗುತ್ತಿತ್ತು, ಅಕ್ಕನ ಚೀಟಿಯೂ ಹೇಗೋ ಬರುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಅವನು ಸುಮ್ಮನೇ ಇದ್ದ. ಅದನ್ನು ನೆನೆದು ಆಮೇಲೂ ಎಷ್ಟೋ ದಿನ ನಾಚಿಕೆಪಟ್ಟ.

“ಅವ್ರ ಕೈ ಅಲ್ಲ ಸಾರ್, ನನ್ನ ಬಾಯಿ. ಸೊನ್ನೆ ಅನ್ಬೇಕಿತ್ತು. ಲಾಭ ಅಂದ್ಬಿಟ್ಟೆ.”

“ಲಾಭ ಯಾಕೆ?”

“ಅಕ್ಕನ ಮನೆಗೆ ಸೊನ್ನೆ ಅನ್ನಾಕೆ ನಾಲಿಗೆ ಏಳ್ಲಿಲ್ಲ.”

ಗಜಾನನ ಎಷ್ಟೋ ತಿಂಗಳು ಕೂತು ಯೋಚಿಸಿದ್ದರು, ಎಲ್ಲೆಲ್ಲಿ ತಪ್ಪಾಗಬಹುದೆಂದು ಪುಟಗಟ್ಟಲೆ ಬರೆದಿದ್ದರು. ಇದು ಆ ಪುಟಗಳಲ್ಲಿ ಇರಲಿಲ್ಲ. ಎರಡೂ ಮುಕ್ಕಾಲು ಆಗಿತ್ತು.

“ಹೊಸ ಚೀಟಿ ಬರ್ದು ಆ ಖಾಲಿ ಗೂಡಿಗೆ ಹಾಕಿಬಿಡೋಣ ಸಾರ್,” ಎಂದ ಧರ್ಮಪ್ಪ.

“ಇಲ್ಲ. ಕೈಯಿಂದ ತಿದ್ದಿದ್ದನ್ನ ನಾನು ಬೊಂಬಾಯಿಗೆ ಒಯ್ಯೋದಿಲ್ಲ. ನಾಳೆ ಇನ್ನೊಬ್ಬ ಬಂದು ತನ್ನ ಅಣ್ಣನಿಗೂ ಹಾಗೇ ಹಾಕು ಅಂತಾನೆ. ಎಲ್ಲಾ ಖಾಲಿ ಮಾಡಿ. ಮೊದಲಿಂದ ತುಂಬಿ. ಕೂಗೋನು ಜಟ್ಟಿಂಗಪ್ಪನೇ,” ಎಂದು ಗಜಾನನ ಟ್ರಂಕಿನ ಬೀಗ ತೆಗೆದು ದೊಡ್ಡ ರಿಜಿಸ್ಟರು ಹೊರಗೆಳೆದರು. ಅದರಲ್ಲಿ ನೋಡಿ ಗುತ್ಯಮ್ಮನ ಚೀಟಿಯನ್ನು ತಾವೇ ಹೊಸದಾಗಿ ಬರೆದರು. ರಶೀದಿಯ ನಂಬರು ಅಲ್ಲಿತ್ತು.

ಗೂಡುಗಳು ಖಾಲಿಯಾದವು. ಮತ್ತೆ ತುಂಬತೊಡಗಿದವು. ಜಟ್ಟಿಂಗಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ಮೀನಾಕ್ಷಮ್ಮ ಪ್ರತಿ ಸಂಖ್ಯೆಯನ್ನೂ ಒಮ್ಮೆ ತಿರುಗಿ ಹೇಳಿ ಹಾಕುತ್ತಿದ್ದಳು. ಅಪ್ಪಣೆ ಮುಗಿಯಿತು, ಏಳು ಹಳ್ಳಿ ಮುಗಿಯಿತು. ಮೂರು ಗಂಟೆ ಎಂಟು ನಿಮಿಷಕ್ಕೆ ಕಲ್ಮಕ್ಕಿಯ ಕಟ್ಟು ಕೈಗೆ ಬಂತು. ಒಳಗೇನೋ ಗಡಿಬಿಡಿಯೆಂದು ತಿಳಿದು ಗುತ್ಯಮ್ಮ ಮತ್ತೆ ಸರಳು ಹಿಡಿದು ನಿಂತಿದ್ದಳು.

ಅವನು ಅವಳ ಕಡೆ ನೋಡಬಾರದೆಂದುಕೊಂಡ. ನೋಡಿದ.

“ಗುತ್ಯಮ್ಮ,” ಎಂದ. ಮೀನಾಕ್ಷಮ್ಮನ ಕೈ ಚೀಟಿ ಹಿಡಿದು ಕಾಯುತ್ತಿತ್ತು. ಗಜಾನನರ ಕೈಗಡಿಯಾರದ ಸದ್ದು ಕೇಳುತ್ತಿತ್ತು. “ಗುತ್ಯಮ್ಮ. ಸೊನ್ನೆ.”

“ಸೊನ್ನೆ,” ಎಂದು ಮೀನಾಕ್ಷಮ್ಮ ಚೀಟಿಯನ್ನು ಮೊದಲ ಗೂಡಿಗೆ ಹಾಕಿದಳು.

ಕಿಟಕಿಯಲ್ಲಿ ಅಕ್ಕನ ಮುಖ ಕಳೆಗುಂದಿತು. ಸರಳು ಬಿಟ್ಟು ಕೆಳಗೆ ಕೂತುಬಿಟ್ಟಳು. ಜಟ್ಟಿಂಗಪ್ಪನಿಗೆ ಓಡಿಹೋಗಿ ಹೇಳಬೇಕೆನಿಸಿತು. ಆದರೆ ಇನ್ನೂ ಒಂಬತ್ತು ಚೀಟಿ ಇದ್ದವು. ದನಿ ನಡುಗದಂತೆ ಕೂಗಿದ.

ಧರ್ಮಪ್ಪ ಅವತ್ತು ಲೆಕ್ಕ ಮಾಡಿದ ವೇಗದಲ್ಲಿ ಹಿಂದೆಂದೂ ಮಾಡಿರಲಿಲ್ಲ. ಮೂರೂವರೆ ದಾಟಿದ ಮೇಲೆ ಕೊನೆಯ ಸಾಲು ಓದಿದ. “ಕಲ್ಮಕ್ಕಿ. ಸೊನ್ನೆ ಗೂಡು, ಗುತ್ಯಮ್ಮ. ಕೋಣಂದೂರು, ಹಳ್ಳದ ಪಕ್ಕ, ಮೂರು ಎಕರೆ. ಒಂದನೇ ಗೂಡು, ಹೂವಪ್ಪ. ಹೊಸನಗರ, ಎರಡೂವರೆ.”

ಗಜಾನನ ಹಾಳೆಗಳನ್ನು ಕಟ್ಟಿಕೊಂಡು ಜಟಕಾ ಹತ್ತುವ ಮೊದಲು ಜಟ್ಟಿಂಗಪ್ಪನ ಎದುರು ಒಂದು ಗಳಿಗೆ ನಿಂತರು. “ಇಬ್ಬರನ್ನು ಕಳಿಸಿದೀನಿ. ನಿನ್ನನ್ನ ಬಿಟ್ರೆ ನ್ಯಾಯ ಅಲ್ಲ. ನಾಳೆಯಿಂದ ಬರಬೇಡ,” ಎಂದರು. ಅವರಿಗೂ ಕಷ್ಟವಾಗಿತ್ತೆಂಬುದು ಕಂಡಿತು. ಜಟ್ಟಿಂಗಪ್ಪ ಕೈ ಮುಗಿದ. ಸಿಟ್ಟು ಬರಲಿಲ್ಲ. ಅಳತೆ ತಪ್ಪಿದ ಕೊಳಗವನ್ನು ಅವನೂ ಕಣದಲ್ಲಿ ಇಟ್ಟುಕೊಂಡವನಲ್ಲ.

ಹೊರಗೆ ಬಂದಾಗ ಗುತ್ಯಮ್ಮ ಮುಖ ತಿರುಗಿಸಿ ಕೂತಿದ್ದಳು. “ಬಂತಕ್ಕ,” ಎಂದ. “ಕೋಣಂದೂರಿನ ಜಾಗ. ಹಳ್ಳದ ಪಕ್ಕದ್ದೇ.”

ಅವಳು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ನಂಬಿದ ಮೇಲೆ ಅತ್ತಳು, ಅತ್ತ ಮೇಲೆ ಬೈದಳು. “ಎಂತ ಬಾಯೋ ನಿಂದು. ಕಡೆಗೆ ಬಂದು ನನ್ನ ಮನೆಗೆ ಸೊನ್ನೆ ಅಂದ್ಯಲ್ಲ. ಜೀವ ಹೋದಂಗಾಯ್ತು ನಂಗೆ.” ಮೂಗು ಒರೆಸಿಕೊಂಡು ಅವನ ಕೈ ಹಿಡಿದಳು. “ಹೋಗ್ಲಿ ಬಿಡು. ಬೆಳಿಗ್ಗೆ ಮೊದ್ಲು ನೀನು ಲಾಭ ಅಂದಿದ್ದು ಕೇಳ್ತು. ಅದು ಫಲಿಸ್ತು ನೋಡು. ಅದ್ಕೇ ಬಂತು ಜಾಗ, ಅಲ್ವನಾ?”

ಇಪ್ಪತ್ತೆರಡು ವರ್ಷ ಅಳತೆಯಲ್ಲಿ ಒಂದು ಕಾಳಿನಷ್ಟೂ ಸುಳ್ಳು ಆಡದವನು ಅಕ್ಕನ ಗಂಟು ಎತ್ತಿ ಹೆಗಲಿಗೆ ಹಾಕಿಕೊಂಡ.

“ಹೂಂ ಅಕ್ಕ, ಅದ್ಕೇ,” ಎಂದ.