ಗಾಡಿ ಕಾಯಲು ಬಿಟ್ಟ ಅಕ್ಕ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಕುಮಾರಸ್ವಾಮಿ ತನ್ನ ಎಲೆಕ್ಟ್ರಿಕ್ ಕಾರಿನ ಹಿಂದೆ ಕಟ್ಟಿ ಎಳೆಯಲೆಂದು ಚಕ್ರದ ಮೇಲೊಂದು ಮನೆ ಮಾಡಿಸಿದ್ದ. ಒಳಗೆ ಹಾಸಿಗೆ, ಫ್ಯಾನು, ಪುಟ್ಟ ಒಲೆ. ಕಕ್ಕಸು ಮಾತ್ರ ಇರಲಿಲ್ಲ. ನೀರಿನ ಟ್ಯಾಂಕಿನ ಭಾರಕ್ಕೆ ಬ್ಯಾಟರಿ ಬೇಗ ಇಳಿಯುತ್ತದೆಂದು ಅವನೇ ಬೇಡವೆಂದಿದ್ದ. ಊರವರಿಗೆಲ್ಲ ಮಾತ್ರ, "ನಮ್ಮಕ್ಕನಿಗೇಂತ ಮಾಡಿಸಿದ್ದು" ಎಂದು ಹೇಳಿಕೊಂಡು ತಿರುಗಿದ.

ಅಕ್ಕ ಬಸಮ್ಮ, ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಈಗ ಎರಡೂ ಮಂಡಿ ಹೋಗಿ ಎಲ್ಲಿಗೂ ಹೊರಡುತ್ತಿರಲಿಲ್ಲ. ತಮ್ಮನ ಬಲವಂತಕ್ಕೆ ಹಳೇಬೀಡು, ಬೇಲೂರು ನೋಡಿ ಬರಲು ಒಪ್ಪಿದಳು.

ಹಳೇಬೀಡಿನಲ್ಲಿ ಗಾಡಿ ನೋಡಲು ಜನ ಮುತ್ತಿದರು. ಕುಮಾರಸ್ವಾಮಿ ಹಿಗ್ಗಿಹೋದ. ಬಾಗಿಲು ತೆಗೆದು ತೋರಿಸುವುದರಲ್ಲೇ ಹೊತ್ತು ಹೋಯಿತು, ಚಾರ್ಜಿನ ಯೋಚನೆ ಬರಲಿಲ್ಲ. ಹಗರೆ ಹತ್ತಿರ ಬರುವಷ್ಟರಲ್ಲಿ ಕಾರು ಕೆಂಪು ದೀಪ ತೋರಿಸಿತು. ಹಿಂದಿನ ಭಾರ ಬಿಚ್ಚಿಟ್ಟರೆ ಬೇಲೂರು ಮುಟ್ಟಬಹುದು ಅನ್ನಿಸಿತು. ರಸ್ತೆ ಪಕ್ಕದ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟ.

"ನಾನೂ ಬತ್ತೀನಿ ಕಣೋ" ಎಂದಳು ಬಸಮ್ಮ.

"ಗಾಡಿ ಕಾಯೋಕೆ ಒಬ್ರು ಬೇಕಲ್ಲಕ್ಕ. ಮಲಗಿರು, ಅರ್ಧ ಗಂಟೇಲಿ ಬಂದ್ಬಿಡ್ತೀನಿ."

ಅವಳನ್ನು ಒಳಗೆ ಹತ್ತಿಸಿ, ಹತ್ತುವ ಕಬ್ಬಿಣದ ಮೆಟ್ಟಿಲನ್ನು ಅಭ್ಯಾಸಬಲದಿಂದ ಮಡಚಿ ಕಾರಿನ ಡಿಕ್ಕಿಗೆ ಹಾಕಿಕೊಂಡು ಹೊರಟ.

ಬೇಲೂರಿನಲ್ಲಿ ಕಾರನ್ನು ಚಾರ್ಜಿಗೆ ಹಾಕಿದ. ಹಿಂದಿರುಗಲು ಬೇಕಾದಷ್ಟು ಬೇಗನೇ ತುಂಬಿತು. ಆದರೆ ಹೊಟ್ಟೆ ಹಸಿದಿತ್ತು. ಪಕ್ಕದ ಹೋಟೆಲಿನಲ್ಲಿ ಎಲೆ ಹಾಕಿಸಿಕೊಂಡು ಕೂತ. ಪಕ್ಕ ಕೂತವನು ಕಾರಿನ ವಿಚಾರ ಕೆದಕಿದ, ಮಾತು ಬೆಳೆಯಿತು. ನಡುವೆ ಅಕ್ಕನ ಫೋನ್ ಬಂತು. ತಡವಾಯಿತೆಂದು ಬೈಯುತ್ತಾಳೆಂದುಕೊಂಡು ಎತ್ತಲಿಲ್ಲ. ಮತ್ತೆ ಬಂತು. ಕಟ್ ಮಾಡಿ, ಇನ್ನೊಂದು ಸಲ ಸಾರು ಹಾಕಿಸಿಕೊಂಡ.

ವಾಪಸ್ ಬಂದಾಗ ಗಾಡಿಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇಲ್ಲ. ಹಾಸಿಗೆಯ ಮೇಲುಹೊದಿಕೆಯೂ ಇರಲಿಲ್ಲ. ಗಾಡಿಯ ಸುತ್ತ ಓಡಾಡಿ ಹುಡುಕಿದ. ಎದುರು ಮನೆಯಿಂದ ಒಬ್ಬ ಹೆಂಗಸು ಕೈಬೀಸಿ ಕರೆದಳು. ಹಸು ಕಟ್ಟಿ ಹಾಲು ಹಾಕುವ ರಂಗಮ್ಮ.

"ನಿಮ್ಮಕ್ಕ ಇಲ್ಲೇ ಅವ್ರೆ, ಬನ್ನಿ. ಪಾಪ, ಇಳಿಯಕ್ಕಾಗ್ದೆ ಬಾಗ್ಲಲ್ಲಿ ನಿಂತು ಕೂಗ್ತಿದ್ರು. ನಂಗೆ ಕೇಳ್ಸೋ ಹೊತ್ಗೆ ತಡ ಆಗೋಗಿತ್ತು."

ಬಸಮ್ಮ ಜಗಲಿಯ ಮೇಲೆ ಕೂತಿದ್ದಳು. ಮೈಮೇಲೆ ರಂಗಮ್ಮನ ಸೀರೆ. ಅಂಗಳದ ಬಕೆಟ್ಟಿನಲ್ಲಿ, ಬೆಳಿಗ್ಗೆ ಅವಳು ಉಟ್ಟಿದ್ದ ಹಸಿರು ಸೀರೆಯೂ ಗಾಡಿಯ ಮೇಲುಹೊದಿಕೆಯೂ ನೆನೆಯುತ್ತಿದ್ದವು. ಕುಮಾರಸ್ವಾಮಿಗೆ ಎಲ್ಲ ಅರ್ಥವಾಯಿತು. ನಿಂತಲ್ಲೇ ಕುಗ್ಗಿಹೋದ.

"ಅವನದೇನೂ ತಪ್ಪಿಲ್ಲ ಕಣವ್ವ" ಎಂದು ಬಸಮ್ಮ ರಂಗಮ್ಮನಿಗೆ ಹೇಳುತ್ತಿದ್ದಳು. "ಅಲ್ಲಿ ಕರೆಂಟೇ ಇರ್ಲಿಲ್ವಂತೆ. ಫೋನ್ ಮಾಡಿ ಹೇಳ್ದ."

ಅವಳು ತನಗಾಗಿ ಆಡಿದ ಆ ಸುಳ್ಳನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ಇಲ್ಲಮ್ಮ, ಕರೆಂಟಿತ್ತು" ಎಂದ. "ನಾನು ಉಣ್ತಾ ಕೂತಿದ್ದೆ. ಅಕ್ಕ ಮಾಡಿದ ಫೋನೂ ಕಟ್ ಮಾಡ್ದೆ."

ರಂಗಮ್ಮ ಕೊಟ್ಟಿಗೆ ಕಡೆ ನಡೆದಳು. ಕುಮಾರಸ್ವಾಮಿ ಅಂಗಿಯ ತೋಳು ಮಡಚಿ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಬಿಡೋ, ನೀನ್ಯಾಕೆ" ಎಂದಳು ಬಸಮ್ಮ. ಅವನು ಸೀರೆ ಉಜ್ಜತೊಡಗಿದ. ಅವಳು ಮತ್ತೆ ತಡೆಯಲಿಲ್ಲ. ಮುಖ ತಿರುಗಿಸಿ ರಸ್ತೆ ನೋಡುತ್ತಾ ಕೂತಳು.

"ಬೇಲೂರಿಗೆ ಹೋಗೋಣ್ವ ಅಕ್ಕ?" ಸೀರೆ ಹಿಂಡುತ್ತಾ ಕೇಳಿದ.

"ಮನೆಗೆ ಕರ್ಕೊಂಡೋಗು. ಸಾಕು."

ದಾರಿಯುದ್ದಕ್ಕೂ ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಅರಸೀಕೆರೆಯಲ್ಲಿ ಪಕ್ಕದ ಮನೆಯ ಮುತ್ತಮ್ಮ, "ಹೆಂಗಿತ್ತು ಬಸಮ್ಮ, ತಮ್ಮನ ಗಾಡಿ?" ಎಂದು ಕೇಳಿದಳು.

"ಚೆನ್ನಾಗೈತೆ" ಎಂದು ಬಸಮ್ಮ ಗೋಡೆ ಹಿಡಿದುಕೊಂಡು ಒಳಗೆ ಹೋದಳು.